ಧಾರೆ ಸೀರೆಯ ಮೇಲಿನ ಮೇಣ

ಷಡಕ್ಷರಪ್ಪನವರು ತಾವಾಗಿ ಇಸ್ತ್ರಿ ಅಂಗಡಿಗೆ ಬಂದದ್ದನ್ನು ಜಾನಕಮ್ಮ ಅದುವರೆಗೆ ಕಂಡಿರಲಿಲ್ಲ. ಆ ಮನೆಯ ಬಟ್ಟೆಯನ್ನು ಅವಳೇ ಹೋಗಿ ತರುತ್ತಿದ್ದಳು, ಅವಳೇ ಕೊಟ್ಟು ಬರುತ್ತಿದ್ದಳು. ತೆಂಗಿನಕಾಯಿ ವ್ಯಾಪಾರದ ಮನುಷ್ಯ, ಸದಾ ಅರಸೀಕೆರೆ ಮಾರ್ಕೆಟ್ಟಿಗೆ ಓಡಾಡಿಕೊಂಡಿರುವವರು, ಕಾರಿನ ಕಿಟಕಿಯಿಂದ ಒಂದು ಸಲ ತಲೆ ಆಡಿಸಿದರೆ ಅದೇ ದೊಡ್ಡ ಮಾತು. ಅಂಥವರು ಮಟಮಟ ಮಧ್ಯಾಹ್ನ, ಹಳೇಬೀಡಿನ ಬಸ್ ಸ್ಟ್ಯಾಂಡ್ ಪಕ್ಕದ ಅವಳ ತಗಡಿನ ಅಂಗಡಿ ಮುಂದೆ, ಕಂಕುಳಲ್ಲಿ ಒಂದು ಗಂಟು ಹಿಡಿದುಕೊಂಡು ನಿಂತಿದ್ದರು. ಮುಖಕ್ಕೆ ಕ್ಷೌರ ಆಗಿರಲಿಲ್ಲ. ಹಣೆಯ ವಿಭೂತಿ ಬೆವರಿಗೆ ಒಡೆದಿತ್ತು.

ಜಾನಕಮ್ಮ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆಯನ್ನು ಪಕ್ಕಕ್ಕೆ ಎತ್ತಿಟ್ಟಳು.

"ಅಮ್ಮಾವ್ರು?" ಅಂದಳು.

"ಇಲ್ಲ, ಇಲ್ಲ, ಹಂಗೇನಿಲ್ಲ. ಗಂಜಿ ಕುಡ್ದು ಮಲಗವ್ಳೆ." ಅವರು ಅತ್ತಿತ್ತ ನೋಡಿದರು. "ಒಳಗೆ ಜಾಗ ಐತಾ? ಯಾರೂ ನೋಡ್ಬಾರ್ದು ಕಣಮ್ಮ."

ಒಳಗೆ ಅಂದರೆ ಇದ್ದಿಲ ಚೀಲ ಇಡುವಷ್ಟು ಜಾಗ. ಷಡಕ್ಷರಪ್ಪನವರು ಬಗ್ಗಿ ಒಳಗೆ ಬಂದು, ಚೀಲದ ಮೇಲೆ ಗಂಟು ಇಟ್ಟರು. ಗಂಟನ್ನು ನೋಡಿದ ಕೂಡಲೇ ಜಾನಕಮ್ಮನಿಗೆ ಗೊತ್ತಾಯಿತು. ಅದು ಅವಳದೇ ಕೈಯಲ್ಲಿ ಸುತ್ತಿದ್ದ ಬಿಳಿ ಪಂಚೆ. ಒಳಗಿರುವುದು ಅವರ ಹೆಂಡತಿ ಶಾಂತಾದೇವಮ್ಮನವರ ಧಾರೆ ಸೀರೆ. ಅದು ಆ ಮನೆಯ ಹೊಸ್ತಿಲು ದಾಟಿ ಹೊರಗೆ ಬಂದದ್ದೇ ಇಲ್ಲ.

ಪಂಚೆ ಬಿಚ್ಚಿದಳು. ಕೆನೆಬಣ್ಣದ ರೇಷ್ಮೆ, ಕೆಂಪು ಅಂಚು, ಸಣ್ಣ ಜರಿ. ಸೆರಗಿನ ಮಧ್ಯದಲ್ಲಿ ಅಂಗೈ ಅಗಲ ಬೂದು ಬಣ್ಣದ ಹಕ್ಕಳೆ ಕಟ್ಟಿಕೊಂಡು ಕೂತಿತ್ತು.

"ಇದೇನ್ ಯಜಮಾನ್ರೇ, ಸಿಮೆಂಟ್ ಮೆತ್ತಿದಂಗೆ ಐತಲ್ಲ!"

"ಮೊಂಬತ್ತಿ."

"ಮೊಂಬತ್ತಿ ಬೆಳ್ಳಗಿರ್ತದೆ."

"ವಿಭೂತಿ ಹಾಕ್ದೆ." ಅವರು ಗಂಟಲು ಸರಿ ಮಾಡಿಕೊಂಡರು. "ಎಣ್ಣೆ ಚೆಲ್ಲಿದ್ರೆ ನಮ್ಮವ್ವ ವಿಭೂತಿ ಉದುರ್ಸೋಳು. ಹೀರ್ಕೊಳ್ಳೋದು. ಹಂಗೇ ಇದೂ ಹೋಯ್ತದೆ ಅಂದ್ಕೊಂಡೆ."

"ಒಣ ವಿಭೂತಿನಾ?"

"ಮೊದ್ಲು ಒಣದು. ಹೋಗ್ಲಿಲ್ಲ. ಆಮೇಲೆ ಗಟ್ಟಿ ತಗಂಡು, ಅಂಗೈಲಿ ನೀರಾಕಿ, ಹಿಂಗೆ..." ಅವರು ಎಡ ಅಂಗೈಯಲ್ಲಿ ಬಲಗೈಯ ಮೂರು ಬೆರಳು ಆಡಿಸಿ ತೋರಿಸಿದರು. ದಿನಾ ಬೆಳಿಗ್ಗೆ ಲಿಂಗಪೂಜೆಗೆ ಕೂತಾಗ ಹೇಗೆ ಕಲಸುತ್ತಾರೋ ಹಾಗೆ. "ಹಿಂಗೆ ಕಲ್ಸಿ, ಚೆನ್ನಾಗಿ ಉಜ್ಜಿಬುಟ್ಟೆ."

ಜಾನಕಮ್ಮ ಕಣ್ಣು ಮುಚ್ಚಿಕೊಂಡಳು. ಬರಿಯ ಮೇಣ ಆಗಿದ್ದರೆ ಅಂಥ ಭಯ ಇರಲಿಲ್ಲ. ಬೂದಿಯನ್ನು ನೀರಲ್ಲಿ ಕಲಸಿ ರೇಷ್ಮೆಗೆ ಉಜ್ಜಿದರೆ ಅದು ನೂಲನ್ನು ಒಳಗಿಂದ ತಿನ್ನುತ್ತದೆ. ಆ ಗಟ್ಟಿಯಲ್ಲಿ ಬೂದಿಯ ಜೊತೆಗೆ ಇನ್ನೇನೇನು ಬೆರೆಸಿರುತ್ತಾರೋ, ಅದು ಬೇರೆ.

"ಮೊಂಬತ್ತಿ ಯಾಕ್ ಹಿಡ್ಕಂಡಿದ್ರಿ ಸೀರೆ ಮ್ಯಾಲೆ?"

ಅದಕ್ಕೆ ಉತ್ತರ ತುಂಡು ತುಂಡಾಗಿ ಬಂತು. ಹಾಸನದ ಡಾಕ್ಟರು ಶಾಂತಾದೇವಮ್ಮನವರನ್ನು ನೋಡಿ, ಇನ್ನು ಮನೆಗೆ ಕರೆದುಕೊಂಡು ಹೋಗಿ, ಏನು ತಿನ್ನಬೇಕು ಅಂತಾರೋ ಕೊಡಿ ಅಂದಿದ್ದರು. ಅರಸೀಕೆರೆಯಲ್ಲಿದ್ದ ಅವರ ಅಕ್ಕ ಬಂದು ನೋಡಿಕೊಂಡು ಹೋಗುವಾಗ, ಎಲ್ಲ ಸಾಮಾನು ಒಂದು ಕಡೆ ಇಟ್ಟುಕೋ, ಆಮೇಲೆ ಹುಡುಕಾಡುವುದು ಬೇಡ ಎಂದು ಕಿವಿಯಲ್ಲಿ ಹೇಳಿದ್ದರು. ಮುತ್ತೈದೆಯಾಗಿ ಹೋದರೆ ಧಾರೆ ಸೀರೆಯಲ್ಲೇ ಸಮಾಧಿಗೆ ಕೂರಿಸಬೇಕು ಎಂದು ಶಾಂತಾದೇವಮ್ಮ ಯಾವ ಮದುವೆಗೆ ಹೋದರೂ ಹೇಳುತ್ತಿದ್ದರು. ಆ ಸೀರೆ ಸರಿಯಾಗಿದೆಯಾ, ಇಲಿ ಗಿಲಿ ಕಚ್ಚಿದೆಯಾ ಅಂತ ಒಂದು ಸಲ ನೋಡೋಣ ಅನ್ನಿಸಿತು. ಒಳಕೋಣೆಗೆ ಹೋದರು. ಅಷ್ಟರಲ್ಲಿ ಕರೆಂಟು ಹೋಯಿತು. ಯು.ಪಿ.ಎಸ್. ಲೈಟು ಒಳಕೋಣೆಗೆ ಕೊಟ್ಟಿರಲಿಲ್ಲ. ಫೋನು ಹೆಂಡತಿಯ ಮಂಚದ ಹತ್ತಿರ ಚಾರ್ಜಿಗೆ ಇತ್ತು. ಹೋಗಿ ತಂದರೆ ಯಾಕೆ ಎಂದು ಕೇಳುತ್ತಾಳೆ. ಗೂಡಿನಲ್ಲಿದ್ದ ಮೊಂಬತ್ತಿ ಹಚ್ಚಿಕೊಂಡರು. ಒಂದು ಕೈಯಲ್ಲಿ ಸೆರಗು ಎತ್ತಿದರು. ಇನ್ನೊಂದು ಕೈಯಲ್ಲಿದ್ದ ಮೊಂಬತ್ತಿ ವಾಲಿ ಮೇಣ ಸುರಿಯಿತು.

"ಅವಳಿಗೆ ದಿನಾ ಹೇಳ್ತಾ ಇದೀನಿ, ಶಿವರಾತ್ರಿ ಕಳೀಲಿ, ಎದ್ದು ಓಡಾಡ್ತೀಯ ಅಂತ. ನಾನು ಹೋಗಿ ಅವಳ್ನ ಹೂಣೋ ಸೀರೆ ಹುಡುಕ್ತಾ ಇದ್ದೆ ಅಂತ ಗೊತ್ತಾದ್ರೆ..." ಅವರು ಇದ್ದಿಲ ಚೀಲ ಹಿಡಿದುಕೊಂಡು ನಿಂತರು. "ಅರಸೀಕೆರೇಲಿ ಡ್ರೈ ಕ್ಲೀನ್ ಅಂಗ್ಡೀಗೆ ಒಯ್ದಿದ್ದೆ. ಇದನ್ನ ಮುಟ್ಟಲ್ಲ ಅಂದ. ನೀನೇ ಏನಾರ ಮಾಡ್ಬೇಕು. ಕೈ ಮುಗಿತೀನಿ."

ನಿಜವಾಗಿಯೂ ಕೈ ಮುಗಿದರು. ಜಾನಕಮ್ಮ ಏನು ಮಾಡಬೇಕೋ ತಿಳಿಯದೆ ಸೀರೆಯನ್ನು ಎದೆಗೆ ಒತ್ತಿಕೊಂಡಳು.

ಜಾನಕಮ್ಮ ಹುಲಿಕೆರೆಯವಳು. ಮದುವೆಯಾಗಿ ಹಳೇಬೀಡಿಗೆ ಬಂದಾಗ ಗಂಡ, ಮಡಿವಾಳರ ತಮ್ಮಯ್ಯ, ಕೆರೆಯಲ್ಲಿ ಬಟ್ಟೆ ಒಗೆಯುತ್ತಿದ್ದ. ಅವಳೂ ಪಕ್ಕದ ಕಲ್ಲಿಗೆ ನಿಂತಳು. ಮೊಳಕಾಲು ಮಟ್ಟದ ನೀರಲ್ಲಿ ನಿಂತು ನಿಂತು ಅವಳ ಕಾಲು ಈಗಲೂ ಸಂಜೆಗೆ ಊದಿಕೊಳ್ಳುತ್ತದೆ. ಒಂದು ಮಳೆಗಾಲ ತಮ್ಮಯ್ಯನ ಪಾದಕ್ಕೆ ನೀರಿನ ತಳದಲ್ಲಿದ್ದ ಬಾಟಲಿ ಚೂರು ಹೊಕ್ಕಿತು. ಸಕ್ಕರೆ ಕಾಯಿಲೆಯ ಮೈ. ಬೆರಳು ತೆಗೆದರು, ಆಮೇಲೆ ಪಾದ ತೆಗೆದರು, ಆಮೇಲೆ ಅವನೇ ಹೋದ. ಅಷ್ಟು ಹೊತ್ತಿಗೆ ಮನೆಮನೆಗೆ ವಾಷಿಂಗ್ ಮಷೀನು ಬಂದು ಕೆರೆಯ ಕೆಲಸವೂ ಹೋಗಿತ್ತು. ಉಳಿದದ್ದು ಇಸ್ತ್ರಿ. ಮಗಳನ್ನು ಬಿಕ್ಕೋಡು ಕಡೆಗೆ ಕೊಟ್ಟಳು. ಮಗಳೂ ಅಳಿಯನೂ ಎಸ್ಟೇಟಿನಲ್ಲಿ ಇದ್ದಾರೆ, ಹಬ್ಬಕ್ಕೆ ಬಂದರೆ ಬಂದರು.

ತಮ್ಮಯ್ಯನ ತಿಥಿ ಮುಗಿದ ಮಾರನೇ ದಿನ ಅವಳ ಗುಡಿಸಲಿಗೆ ಬಂದವರು ಶಾಂತಾದೇವಮ್ಮ. ಸಮಾಧಾನ ಹೇಳಲಿಲ್ಲ. ತಲೆಯ ಮೇಲೆ ಸೆರಗು ಎಳೆದುಕೊಂಡು ಬಾಗಿಲಲ್ಲಿ ನಿಂತು, ಒಂದು ದೊಡ್ಡ ಬಟ್ಟೆ ಗಂಟು ಒಳಗೆ ಎಸೆದು, "ಅಳೋದಿದ್ರೆ ಇಸ್ತ್ರಿ ಮಾಡ್ಕಂಡು ಅಳು. ನಾಳೆ ಸಂಜೆಗೆ ಬೇಕು" ಅಂದು ಹೋದರು. ಜಾನಕಮ್ಮ ಅವತ್ತು ಪೆಟ್ಟಿಗೆಗೆ ಇದ್ದಿಲು ತುಂಬಿದವಳು ಮತ್ತೆ ಕೈ ಬಿಡಲಿಲ್ಲ.

ಆ ಮನೆಯಲ್ಲಿ ಧಾರೆ ಸೀರೆಯನ್ನು ಮುಟ್ಟುವ ಕೈ ಅವಳದೊಂದೇ. ಯುಗಾದಿ ಕಳೆದ ಮೇಲೆ ಒಂದು ದಿನ ಟ್ರಂಕಿನಿಂದ ತೆಗೆದು, ನೆರಳಲ್ಲಿ ಗಳದ ಮೇಲೆ ಹರಡಿ, ಸಂಜೆಗೆ ಹೊಸ ಗೆರೆಯಲ್ಲಿ ಮಡಚಬೇಕು. ಮಡಚಿದ ಗೆರೆಯಲ್ಲೇ ಮತ್ತೆ ಮಡಚಿದರೆ ಹಳೆಯ ರೇಷ್ಮೆ ಸೀಳಿಕೊಳ್ಳುತ್ತದೆ. ಸೊಸೆ ಹೇಮಲತಾ ಒಂದು ಸಲ ಕೈ ಹಾಕಲು ಹೋಗಿ ಬೈಸಿಕೊಂಡಿದ್ದಳು. "ನಿನ್ ಉಗುರಿನ ಬಣ್ಣ ನನ್ ಸೀರೆಗೆ ಬೇಡ ಕಣೇ ತಾಯಿ. ಅವಳು ಮಾಡ್ತಾಳೆ, ಬಿಡು" ಅಂದಿದ್ದರು ಅತ್ತೆ.

ಸಂಜೆ ಜಾನಕಮ್ಮ ಇಸ್ತ್ರಿ ಮಾಡಿದ ದುಪ್ಪಟಿಗಳನ್ನು ತೆಗೆದುಕೊಂಡು ಆ ಮನೆಗೆ ಹೋದಳು. ಶಾಂತಾದೇವಮ್ಮ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಹೊಟ್ಟೆಯೊಂದು ಬಿಟ್ಟು ಮಿಕ್ಕಿದ ಮೈಯೆಲ್ಲ ಒಣಗಿತ್ತು. ಬಳೆಗಳನ್ನು ದಾರದಿಂದ ಕಟ್ಟಿದ್ದರು, ಇಲ್ಲದಿದ್ದರೆ ಜಾರಿಬೀಳುತ್ತಿದ್ದವು.

"ಬಾರೇ ಜಾನ್ಕಿ. ನೀನಾದ್ರೂ ಬಂದ್ಯಲ್ಲ. ಇಲ್ಲಿ ಬರೋರೆಲ್ಲ ಸೇಬು ತರ್ತಾರೆ. ತಿನ್ನೋಕೆ ಹೊಟ್ಟೇಲಿ ಜಾಗ ಇಲ್ಲ ಅಂತ ಗೊತ್ತಿದ್ದೂ ತರ್ತಾರೆ."

"ಹಂಗನ್ಬೇಡಿ ಅಮ್ಮಾವ್ರೇ. ಹುಷಾರಾಯ್ತೀರ."

"ಥೂ, ನೀನೂ ಶುರು ಮಾಡ್ಕಂಡ್ಯಾ?" ಅವರು ಕೈ ಹಿಡಿದು ಹತ್ತಿರ ಎಳೆದರು. ಕೈಯಲ್ಲಿ ಬಿಸಿಯಿತ್ತು. "ಈ ಮನೇಲಿ ಎಲ್ರೂ ಸುಳ್ಳು ಹೇಳ್ತಾರೆ ಕಣೇ. ಯಜಮಾನ್ರಂತೂ ದಿನಾ ಶಿವರಾತ್ರಿ ಲೆಕ್ಕ ಹೇಳ್ತಾರೆ, ನಾನೂ ಹೂಂ ಅಂತೀನಿ. ಪಾಪ, ನಂಗೆ ಎಲ್ಲ ಗೊತ್ತು ಅಂತ ಅವರ್ಗೆ ಗೊತ್ತಿಲ್ಲ. ನೋಡು, ನಮ್ಮತ್ತೆ ಹೋದಾಗ ಹೆಣ ಹೊರೋ ವಿಮಾನದಲ್ಲಿ ಕೂರ್ಸಿದ್ದು ನೋಡಿದ್ಯಲ್ಲ? ಕತ್ತು ವಾಲ್ಸ್ಕಂಡು, ಬಸ್ಸಲ್ಲಿ ತೂಕಡಿಸೋ ಪ್ಯಾಸೆಂಜರ್ ಥರ ಊರೆಲ್ಲ ಸುತ್ತಿದ್ರು. ನನ್ನ ಹಂಗೆ ಕೂರ್ಸ್‌ಬ್ಯಾಡ್ರಿ. ನೀನೇ ಸೀರೆ ಉಡ್ಸ್‌ಬೇಕು. ಸೆರಗು ಎದೆ ಮ್ಯಾಲೆ ನೆಟ್ಟಗೆ ಬರ್ಬೇಕು, ನೋಡೋರಿಗೆ ಕಾಣ್ಬೇಕು."

ಜಾನಕಮ್ಮ ದುಪ್ಪಟಿಯ ಅಂಚು ಸರಿ ಮಾಡುತ್ತಾ ಕೂತಳು.

"ಸೀರೆ ತೆಗಿ, ಒಂದ್ಸಲ ನೋಡ್ಬೇಕು."

"ಇವತ್ತು ಅಮಾಸೆ ಅಮ್ಮಾವ್ರೇ."

"ಅಮಾಸೆ ಆದ್ರೇನು, ನಂಗಿನ್ನೇನ್ ಕೆಟ್ಟದ್ದಾಗ್ಬೇಕು?" ನಗಲು ಹೋಗಿ ಕೆಮ್ಮಿದರು. ಕೆಮ್ಮು ನಿಂತ ಮೇಲೆ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಸರಿ. ಸೋಮವಾರ. ತಪ್ಪಿಸ್ಬೇಡ."

ಬಾಗಿಲ ಹೊರಗೆ ಷಡಕ್ಷರಪ್ಪ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಅವಳನ್ನು ನೋಡಿ, "ಸೋಮವಾರದೊಳಗೆ ಆಯ್ತದಾ?" ಎಂದು ಮಾತ್ರ ಕೇಳಿದರು.

ಮಾರನೇ ಬೆಳಿಗ್ಗೆ ಜಾನಕಮ್ಮ ಬೇಕರಿಯಿಂದ ಐಸ್ ತಂದಳು. ಸೀರೆಗೆ ನೀರು ತಾಕಬಾರದು. ಐಸನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಗಂಟು ಕಟ್ಟಿ, ಹಕ್ಕಳೆಯ ಮೇಲೂ ಕೆಳಗೂ ಇಟ್ಟಳು. ಮೇಣ ಕಲ್ಲಾಗುವವರೆಗೆ ಕಾದಳು. ಆಮೇಲೆ ಚಮಚದ ಹಿಡಿಯಿಂದ ಅಂಚನ್ನು ಮೆಲ್ಲಗೆ ಎಬ್ಬಿಸಿದಳು. ಚಾಕು ಮುಟ್ಟಲಿಲ್ಲ. ಬಟ್ಟೆಯನ್ನು ಬಗ್ಗಿಸಲೂ ಇಲ್ಲ. ಮೇಲಿನ ಪದರ ಚೂರು ಚೂರಾಗಿ ಎದ್ದು ಬಂತು. ಮೇಣದ ಜೊತೆ ವಿಭೂತಿ ಪುಡಿ ಉದುರಿತು. ಉದುರಿದ್ದನ್ನು ಕೈಯಲ್ಲಿ ಒರೆಸದೆ, ಊದಿ ಊದಿ ತೆಗೆದಳು. ಒರೆಸಿದರೆ ಮರಳು ಉಜ್ಜಿದಂತೆ ಆಗುತ್ತಿತ್ತು. ಮಧ್ಯಾಹ್ನದವರೆಗೂ ಊದಿ ಅವಳ ತಲೆ ಸುತ್ತಿತು.

ಮೈದುನ ಚನ್ನೇಶ್ ಗೂಡ್ಸ್ ಆಟೋ ನಿಲ್ಲಿಸಿ ಬಂದು ಇಣುಕಿದ.

"ಏನ್ ಅತ್ಗೆ, ಒಲೆ ಊದ್ತಾ ಇದ್ದೀಯಾ?"

"ನಿನ್ ಕೆಲ್ಸ ನೋಡ್ಕೋ ಹೋಗ್ಲಾ. ಉಸಿರು ಬಿಡ್ಬೇಡ ಇಲ್ಲಿ."

"ಅಬ್ಬಬ್ಬಾ. ಉಸ್ರು ಬಿಡಾಕೂ ಪರ್ಮಿಷನ್ ತಗಬೇಕು ಈ ಅಂಗ್ಡೀಲಿ" ಎಂದು ಅವನು ಹೋದ.

ಉಳಿದದ್ದು ನೂಲಿನೊಳಗೆ ಇಳಿದ ಮೇಣ. ಅದನ್ನು ಕಾವು ಕೊಟ್ಟೇ ತೆಗೆಯಬೇಕು. ಪೇಪರ್ ಹಾಕಿದರೆ ಅಕ್ಷರದ ಮಸಿ ರೇಷ್ಮೆಗೆ ಹತ್ತುತ್ತದೆ ಎಂದು ಅವಳಿಗೆ ಗೊತ್ತಿತ್ತು. ತಮ್ಮಯ್ಯನ ಹಳೆಯ ತೆಳು ಹತ್ತಿಯ ಮಲ್ಲು ಪಂಚೆಯನ್ನು ತುಂಡು ತುಂಡಾಗಿ ಹರಿದಿಟ್ಟುಕೊಂಡಳು. ತೆಂಗಿನ ಚಿಪ್ಪಿನ ಇದ್ದಿಲಿಗೆ ಕಾವು ಜಾಸ್ತಿ. ಅದಕ್ಕೇ ಪೆಟ್ಟಿಗೆಗೆ ಬೂದಿ ಮುಚ್ಚಿದ ಕೆಂಡವನ್ನಷ್ಟೇ ಹಾಕಿ, ಬಾಯಿ ತೆರೆದಿಟ್ಟು ಆರಿಸಿ, ಅಡಿಯನ್ನು ತನ್ನ ಕೆನ್ನೆಯ ಹತ್ತಿರ ಹಿಡಿದು ನೋಡಿದಳು. ಸೆರಗಿನ ಕೆಳಗೊಂದು ತುಂಡು, ಮೇಲೊಂದು ತುಂಡು. ಮೇಲೆ ಪೆಟ್ಟಿಗೆಯನ್ನು ಎಳೆಯದೆ ಸುಮ್ಮನೆ ಇಟ್ಟು ಎತ್ತಿದಳು. ಪಂಚೆಯ ತುಂಡಿನಲ್ಲಿ ಎಣ್ಣೆಯಂಥ ಕಲೆ ಮೂಡಿತು. ಬಿಸಿ ಆರುವ ಮುಂಚೆ ತುಂಡು ತೆಗೆದು, ಹೊಸದು ಹಾಕಿ, ಮತ್ತೆ ಇಟ್ಟಳು. ಪ್ರತಿ ಸಲ ಕಲೆ ಚಿಕ್ಕದಾಗುತ್ತಾ ಬಂತು. ಬೂದು ಬಣ್ಣ ತಿಳಿಯಾಗುತ್ತಾ ಬಂತು. ಅವಳಿಗೆ ನಂಬಿಕೆ ಬಂತು. ಸೋಮವಾರ ಅಮ್ಮಾವ್ರ ತೊಡೆಯ ಮೇಲೆ ಹರಡಿ ತೋರಿಸಬಹುದು ಅನ್ನಿಸಿತು.

ಕೊನೆಯ ತುಂಡು ಹಾಕಿ ಪೆಟ್ಟಿಗೆ ಇಟ್ಟು ಎತ್ತಿದ್ದಳು. ಅಷ್ಟರಲ್ಲಿ ರಸ್ತೆಯಿಂದ ಬಸ್ ಡ್ರೈವರ್ ಮೋಹನ್‌ಕುಮಾರ್ ಕೂಗಿದ.

"ಜಾನಕಮ್ಮೋ! ಖಾಕಿ ಶರ್ಟ್ ಕೊಡ್ತೀಯಾ, ಇಲ್ಲ ಬನೀನಲ್ಲೇ ಬಸ್ ಓಡಿಸ್ಲಾ?"

ಎದ್ದು ಹೋಗಿ ಶರ್ಟು ಕೊಟ್ಟಳು. ಅವನು ಚಿಲ್ಲರೆಗೆ ಜೇಬು ತಡಕಿದ. ನಾಳೆ ಕೊಡು ಹೋಗಣ್ಣ ಅಂದು ವಾಪಸು ಬಂದಳು. ಬಂದು ತುಂಡು ಎತ್ತಿದಳು. ಅದು ಆರಿತ್ತು. ಆರಿದ ಮೇಣ ಪಂಚೆಯನ್ನೂ ರೇಷ್ಮೆಯನ್ನೂ ಒಂದಕ್ಕೊಂದು ಅಂಟಿಸಿತ್ತು. ಮತ್ತೆ ಕಾವು ಕೊಟ್ಟು ಬಿಡಿಸಬೇಕು ಎಂದು ತಲೆಗೆ ಬರುವ ಮುಂಚೆ ಕೈ ಎಳೆದಾಗಿತ್ತು. ಸದ್ದೇನೂ ಆಗಲಿಲ್ಲ. ಬೂದಿ ನೀರು ತಿಂದಿದ್ದ ಜಾಗ ಹಣ್ಣಿನ ಸಿಪ್ಪೆಯಂತೆ ಎದ್ದು ಪಂಚೆಯ ಜೊತೆಗೇ ಬಂತು.

ಸೆರಗಿನಲ್ಲಿ ಅಂಗೈ ತೂರುವಷ್ಟು ತೂತು.

ಜಾನಕಮ್ಮ ಆ ಪಂಚೆಯ ತುಂಡನ್ನು ಹಿಡಿದುಕೊಂಡು ಇದ್ದಿಲ ಚೀಲದ ಪಕ್ಕ ಕೂತಳು. ಹೊರಗೆ ಬೇಲೂರಿನಿಂದ ಬಂದ ಬಸ್ಸಿನಿಂದ ಪ್ರವಾಸಿಗಳು ಇಳಿದು ಗುಡಿಯ ಕಡೆ ನಡೆದರು. ಯಾರೋ ಟೀ ಎಲ್ಲಿ ಸಿಗುತ್ತೆ ಎಂದು ಕೇಳಿದರು. ಅವಳು ಕೈ ತೋರಿಸಿದಳು.

ಷಡಕ್ಷರಪ್ಪನವರಿಗೆ ಹೇಳಿದಾಗ ಅವರು ಬೈಯಲಿಲ್ಲ. "ಇಲಿ ಕಚ್ಚೈತೆ ಅನ್ನಾಣ" ಅಂದರು.

"ಇಲಿ ಕಚ್ಚಿದ್ದು ಹೆಂಗಿರ್ತದೆ ಅಂತ ಅವರ್ಗೆ ಗೊತ್ತು ಯಜಮಾನ್ರೇ. ಟ್ರಂಕ್‌ನ ಒಳಗೆ ಬೇವಿನ ಸೊಪ್ಪು ಹಾಕ್ಸಿದ್ದು ಯಾರು?"

"ಹಂಗಾದ್ರೆ ತೋರ್ಸೋದೇ ಬೇಡ."

"ಕೇಳ್ತಾರೆ. ಬಿಡಲ್ಲ."

"ನಾನೇ ಹೇಳ್ಬುಡ್ತೀನಿ ಬಿಡು" ಅಂದರು. ಜಾನಕಮ್ಮ ಅದನ್ನು ನಂಬಿದಳು.

ಸೋಮವಾರ ಬೆಳಿಗ್ಗೆ ಹೇಮಲತಾ ಅತ್ತೆಗೆ ತಲೆ ಬಾಚಿ, ಹಣೆಗೆ ವಿಭೂತಿ, ಅದರ ಕೆಳಗೆ ಕುಂಕುಮ ಇಟ್ಟಿದ್ದಳು. ಶಾಂತಾದೇವಮ್ಮ ಕಾಯುತ್ತಿದ್ದರು. ಜಾನಕಮ್ಮ ಒಳಕೋಣೆಯಿಂದ ಗಂಟು ತಂದು ಮಂಚದ ಮೇಲಿಟ್ಟಳು. ಷಡಕ್ಷರಪ್ಪ ಕಿಟಕಿಯ ಹತ್ತಿರ ನಿಂತಿದ್ದರು.

ಶಾಂತಾದೇವಮ್ಮ ಮೊದಲು ಅಂಚು ಸವರಿದರು. ಜರಿ ಕಪ್ಪಾಗಿಲ್ಲ ಎಂದು ಖುಷಿಪಟ್ಟರು. "ಇದನ್ನ ಉಟ್ಕಂಡು ಬೇಲೂರ್ ಛತ್ರದಲ್ಲಿ ಕೂತಿದ್ದೆ ಕಣೇ ಹೇಮಾ. ನಿಮ್ಮಾವ ಒಂದ್ಸಲನೂ ತಲೆ ಎತ್ತಿ ನೋಡ್ಲಿಲ್ಲ. ಮಾಲೆ ಹಾಕೋವಾಗ ನನ್ನ ಬಿಟ್ಟು ಪಕ್ಕದವಳ ಕೊರಳಿಗೆ ಹಾಕ್ಬುಡ್ತಾರೇನೋ ಅಂತ ಹೆದರ್ಕಂಡಿದ್ದೆ" ಅಂದರು. ಆಮೇಲೆ ಸೆರಗು ಬಿಡಿಸಿದರು. ಬೆರಳು ತೂತಿನೊಳಗೆ ಹೋಯಿತು.

ಬೆರಳನ್ನು ಅಲ್ಲೇ ಬಿಟ್ಟು ನೋಡಿದರು. ಸುತ್ತ ಉಳಿದಿದ್ದ ಹಳದಿ ಕಲೆ ನೋಡಿದರು. ಮೂಗಿನ ಹತ್ತಿರ ಹಿಡಿದರು.

"ಮೇಣದ ವಾಸ್ನೆ. ಏನಾಯ್ತೇ ಇದು?"

ಜಾನಕಮ್ಮ ಕಿಟಕಿಯ ಕಡೆ ನೋಡಿದಳು. ಷಡಕ್ಷರಪ್ಪನವರ ಬಾಯಿ ತೆರೆಯಿತು. ಮುಚ್ಚಿತು. ಅವರು ನೆಲ ನೋಡಿದರು. ಒಂದು ಕೈ ಕಿಟಕಿಯ ಸರಳನ್ನು ಹಿಡಿದುಕೊಂಡಿತ್ತು, ಬಸ್ಸಿನಲ್ಲಿ ನಿಂತವರು ಹಿಡಿದುಕೊಳ್ಳುವಂತೆ.

ಈ ಹೆಂಗಸಿಗೆ ಉಳಿದಿರುವ ದಿನಗಳಲ್ಲಿ ನೀರು ಕುಡಿಸುವವರು ಅವರು, ಮಗ್ಗುಲು ಬದಲಿಸುವವರು ಅವರು. ಗಂಡನ ಮೇಲೆ ಸಿಟ್ಟಾದರೆ ಅಮ್ಮಾವ್ರು ಎಲ್ಲಿಗೆ ಹೋಗುತ್ತಾರೆ? ಹೀಗೆಂದು ಜಾನಕಮ್ಮ ಯೋಚಿಸಿದಳೋ, ಅಥವಾ ಯೋಚಿಸುವ ಮುಂಚೆಯೇ ಬಾಯಿ ಬಿಟ್ಟಳೋ, ಆಮೇಲೆ ಅವಳಿಗೂ ಹೇಳಲು ಆಗಲಿಲ್ಲ.

"ನನ್ ಕೈಲಿ ಆಯ್ತು ಅಮ್ಮಾವ್ರೇ."

"ನಿನ್ ಕೈಲಿ?"

"ಅಂಗ್ಡೀಲಿ ಕರೆಂಟ್ ಹೋಗಿತ್ತು. ಮೊಂಬತ್ತಿ ಬಿತ್ತು. ತೆಗೆಯಾಕೋಗಿ ಕಿತ್ಕಂಡ್ತು."

"ನನ್ ಸೀರೆ ನಿನ್ ಅಂಗ್ಡೀಗ್ಯಾಕೆ ಹೋಯ್ತು?"

"ನಾನೇ ತಗಂಡೋದೆ. ನೀವು ಕೇಳೋ ಹೊತ್ಗೆ ರೆಡಿ ಇರ್ಲಿ ಅಂತ."

"ರೆಡಿ ಇರ್ಲಿ ಅಂತ."

ಶಾಂತಾದೇವಮ್ಮ ಎದ್ದು ಕೂತರು. ಅಷ್ಟು ದಿನ ಇಬ್ಬರು ಹಿಡಿದು ಎಬ್ಬಿಸಬೇಕಾಗಿತ್ತು.

"ನಂಗೆ ಇನ್ನೂ ಉಸಿರೈತೆ ಕಣೇ. ನಾನು ಹೇಳೋ ಮುಂಚೆ, ನನ್ನ ಕೇಳ್ದೇ, ನನ್ ಟ್ರಂಕ್ ತೆಗ್ದು, ನನ್ನ ಹೂಣೋದಕ್ಕೆ ರೆಡಿ ಮಾಡ್ಕಂಡ್ಯಾ? ಅವ್ರು ಮಾಡಿದ್ರೆ, ಇವ್ಳು ಮಾಡಿದ್ರೆ ಗಂಡ, ಸೊಸೆ ಅಂದ್ಕೋತಿದ್ದೆ. ನೀನು! ಅವತ್ತು ಅಮಾಸೆ ಅಂದ್ಯಲ್ಲ, ಆಗ್ಲೇ ತೂತು ಮಾಡಿದ್ಯಾ?"

"ಅತ್ತೆ, ಬಿಡಿ, ಸುಸ್ತಾಗುತ್ತೆ" ಎಂದಳು ಹೇಮಲತಾ.

"ಮನೇಲಿ ಎಲ್ರೂ ಸುಳ್ಳು ಹೇಳ್ತಾರೆ ಅಂತ ನಿನ್ ಹತ್ರ ಹೇಳಿದ್ನಲ್ಲೇ, ಥೂ." ಸೀರೆಯನ್ನು ಮುದ್ದೆ ಮಾಡಿ ಕಾಲ ಹತ್ತಿರ ತಳ್ಳಿದರು. "ಹೋಗು. ನನ್ ಹೆಣಕ್ಕೂ ನಿನ್ ಕೈ ತಾಕ್‌ಕೂಡ್ದು. ಹೇಮಾ, ಕೇಳಿಸ್ಕಂಡ್ಯಾ? ಇವಳನ್ನ ಒಳಗೆ ಬಿಡ್ಬೇಡ."

ಜಾನಕಮ್ಮ ಹೊಸ್ತಿಲು ದಾಟುವಾಗ ಷಡಕ್ಷರಪ್ಪ ಹಿಂದೆ ಬಂದರು. ಅಂಗಳದಲ್ಲಿ ಕಾಯಿ ಸುಲಿಯುವವರು ಕೂತಿದ್ದರು, ಅದಕ್ಕೇ ದನಿ ತಗ್ಗಿಸಿದರು. "ಒಂಚೂರು ತಣ್ಣಗಾಗ್ಲಿ. ಸಮಯ ನೋಡಿ ಹೇಳ್ತೀನಿ. ಆಣೆ."

"ತೂತು ಮಾಡಿದ್ದು ನಾನೇ ಅಲ್ವಾ ಯಜಮಾನ್ರೇ, ಅದೇನು ಸುಳ್ಳಲ್ಲ" ಅಂದಳು. ಅಂದು ನಡೆದಳು.

ಅವತ್ತಿನಿಂದ ಆ ಮನೆಯ ಬಟ್ಟೆ ಬರಲಿಲ್ಲ. ಪೇಟೆಬೀದಿಯಲ್ಲಿ ಕರೆಂಟಿನ ಇಸ್ತ್ರಿ ಇಟ್ಟವನಿಗೆ ಹೋಯಿತು. ಊರಿನಲ್ಲಿ ಮಾತು ಹರಡಲು ಹೊತ್ತು ಬೇಕಾಗಲಿಲ್ಲ. ಸಾಯುವವಳ ಸೀರೆಯನ್ನು ಕದ್ದು ತಂದು ಸುಟ್ಟಳಂತೆ ಎಂದು ಒಬ್ಬರು, ಮಾರಲು ನೋಡಿದಳಂತೆ ಎಂದು ಇನ್ನೊಬ್ಬರು. ರೇಷ್ಮೆ ಸೀರೆ ಕೊಟ್ಟಿದ್ದ ಮೇಷ್ಟ್ರ ಹೆಂಡತಿ ಬಂದು, "ಹಂಗೇ ಕೊಡಮ್ಮ, ಇಸ್ತ್ರಿ ಬೇಡ" ಎಂದು ವಾಪಸು ತೆಗೆದುಕೊಂಡು ಹೋದರು. ಚನ್ನೇಶ್ ಮಾತ್ರ ಬಂದು ಹಲಗೆ ಗುದ್ದಿದ.

"ನಿಜ ಏನು ಹೇಳು ಅತ್ಗೆ. ನೀನು ಆ ಮನೆ ಟ್ರಂಕಿಗೆ ಕೈ ಹಾಕೋಳಲ್ಲ."

"ಹಾಕ್ದೆ ಕಣ್ಲಾ. ಹೋಗು."

ಒಂದು ದಿನ ಹೇಮಲತಾ ಔಷಧಿ ಅಂಗಡಿಗೆ ಹೋಗುತ್ತಾ ನಿಂತಳು. ಅತ್ತೆ ಹೇಗಿದ್ದಾರೆ ಎಂದು ಜಾನಕಮ್ಮ ಕೇಳಿದಳು.

"ನಿಮ್ಮನ್ನ ಬಯ್ಯೋವಾಗ ಮಾತ್ರ ಕಣ್ಣು ಬಿಡ್ತಾರೆ ಜಾನಕಮ್ಮ. ಬೈದು ಬೈದು ಸುಸ್ತಾಗಿ ಮಲಗ್ತಾರೆ. ಮಾವ ಕೂತ್ಕಂಡು ಕೇಳ್ತಾರೆ."

"ಮಾವ ಏನೂ ಹೇಳಲ್ವಾ?"

"ಏನ್ ಹೇಳ್ತಾರೆ ಪಾಪ? ಹೂಂ ಅಂತಾರೆ."

ಅವರು ಹೂಂ ಅನ್ನುವುದು ಜಾನಕಮ್ಮನ ಕಣ್ಣಿಗೆ ಕಟ್ಟಿತು. ಬಂದವರ ಬಟ್ಟೆಗೆ ಪೆಟ್ಟಿಗೆ ಎಳೆಯುತ್ತಾ ದಿನಾ ಆ ಮನೆಯ ದಾರಿ ನೋಡಿದಳು. ಅವರು ಹೇಳಿಬಿಟ್ಟರೆ ಯಾರಾದರೂ ಬಂದು ಕರೆಯುತ್ತಾರೆ. ಅಮ್ಮಾವ್ರೇ ಕರೆಸುತ್ತಾರೆ. ಕರೆಸಿ, ಇನ್ನೂ ನಾಲ್ಕು ಮಾತು ಬೈಯುತ್ತಾರೆ. ಬೈದರೂ ಬೈಯಲಿ.

ಶಿವರಾತ್ರಿಗೆ ಇನ್ನೂ ದಿನಗಳಿದ್ದವು. ಒಂದು ಬೆಳಿಗ್ಗೆ ಷಡಕ್ಷರಪ್ಪನವರೇ ಅಂಗಡಿಗೆ ಬಂದರು. ಈ ಸಲ ಕೈಯಲ್ಲಿ ಗಂಟು ಇರಲಿಲ್ಲ. ಹೆಗಲ ಮೇಲೆ ಟವೆಲ್ ಇತ್ತು, ಕಾಲಿಗೆ ಚಪ್ಪಲಿ ಇರಲಿಲ್ಲ. ಜಾನಕಮ್ಮನಿಗೆ ಕೇಳಬೇಕಾಗಲಿಲ್ಲ.

"ಬೆಳಗಾನ ಹೋದ್ಲು" ಅಂದರು. "ಬಾ ತಾಯಿ. ಮೈ ತೊಳಿಯೋಕೆ ಮರೆ ಹಿಡೀಬೇಕು, ಸೀರೆ ಉಡ್ಸ್‌ಬೇಕು. ನಡೆಮಡಿ ಹಾಸ್ಬೇಕು."

ಹೆಣದ ಮೆರವಣಿಗೆಯ ಮುಂದೆ ರಸ್ತೆಗೆ ಬಟ್ಟೆ ಹಾಸುತ್ತಾ ಹೋಗುವುದು ಮಡಿವಾಳರ ಕೆಲಸ. ಆ ಮನೆಗೆ ತಮ್ಮಯ್ಯನ ಅಪ್ಪ ಹಾಸಿದ್ದ, ತಮ್ಮಯ್ಯ ಹಾಸಿದ್ದ. ತಮ್ಮಯ್ಯ ಹೋದ ಮೇಲೆ ಅವಳು.

"ಹೇಳಿದ್ರಾ ಯಜಮಾನ್ರೇ?"

ಅವರು ಟವೆಲ್ ತುದಿಯಿಂದ ಮುಖ ಒರೆಸಿಕೊಂಡರು.

"ಹೇಳ್ಬೇಕು ಅಂತ ದಿನಾ ಹತ್ರ ಕೂತ್ಕೋತಿದ್ದೆ. ನನ್ ಕೈ ಹಿಡ್ಕಂಡೇ ಇರೋಳು. ನೀವೊಬ್ರು ನನ್ನ ಬದುಕಿಸ್ಕೋಬೇಕು ಅಂತ ನೋಡಿದ್ರಿ ಅನ್ನೋಳು. ಹೆಂಗ್ ಹೇಳ್ಲಿ?"

"ಕೊನೇಲಿ ನನ್ ಬಗ್ಗೆ ಏನಾರ ಅಂದ್ರಾ?"

ಷಡಕ್ಷರಪ್ಪ "ಅದೇ ಮಾತು" ಅಂದರು.

ಜಾನಕಮ್ಮ ಪೆಟ್ಟಿಗೆಯ ಮುಚ್ಚಳ ತೆರೆದು ಕೆಂಡ ನೋಡಿದಳು. ಮುಚ್ಚಿದಳು.

"ಹಂಗಾದ್ರೆ ನಾನ್ ಬರಲ್ಲ."

"ನಾನು ಮನೆ ಯಜಮಾನ, ನಾನು ಕರೀತಾ ಇದೀನಿ."

"ನನ್ನ ಬರ್ಬೇಡ ಅಂದಿದ್ದು ಅವ್ರು. ಅವರ್ಗೆ ಗೊತ್ತಿದ್ದಿದ್ದೇ ಅಷ್ಟು. ಹೋದ್ಮ್ಯಾಲೆ ಅವ್ರ ಮಾತು ಮೀರಾಕೆ ನಂಗಾಗಲ್ಲ." ಅವಳ ದನಿ ಏರಲಿಲ್ಲ. "ಚನ್ನೇಶ ಹಾಸ್ತಾನೆ. ಬಟ್ಟೆ ಅವನೇ ಮನೆಯಿಂದ ತಗಂಡು ಬತ್ತಾನೆ. ನನ್ ಕೈ ತಾಕಿರಲ್ಲ."

ಷಡಕ್ಷರಪ್ಪ ಮತ್ತೆ ಕೈ ಮುಗಿಯಲು ಹೋದರು. "ಬ್ಯಾಡಿ" ಅಂದಳು. ಅವರು ಬರಿಗಾಲಲ್ಲಿ ವಾಪಸು ನಡೆದರು. ರಸ್ತೆ ಆಗಲೇ ಬಿಸಿಲಿಗೆ ಕಾದಿತ್ತು.

ಮಧ್ಯಾಹ್ನ ಕಳೆದ ಮೇಲೆ ಜಾಗಟೆಯ ಸದ್ದು ಕೇಳಿಸಿತು. ಅಂಗಡಿಗಳವರು ಅರ್ಧ ಬಾಗಿಲು ಎಳೆದರು. ಮುಂದೆ ಚನ್ನೇಶ್ ಬಗ್ಗಿ ಬಗ್ಗಿ ಬಿಳಿ ಬಟ್ಟೆ ಹಾಸುತ್ತಾ, ಹಿಂದಿನದನ್ನು ಎಳೆದು ಮುಂದಕ್ಕೆ ತರುತ್ತಾ ಬಂದ. ಅವನಿಗೆ ಅಭ್ಯಾಸ ಇರಲಿಲ್ಲ. ಬಟ್ಟೆ ಸೊಟ್ಟಗೆ ಬೀಳುತ್ತಿತ್ತು. ಹಿಂದೆ ಮಠದವರು, ಅವರ ಹಿಂದೆ ಹೂವಿನ ವಿಮಾನ. ಜಾನಕಮ್ಮ ಹಲಗೆಯ ಹಿಂದೆ ನಿಂತಳು. ರಸ್ತೆಗೆ ಇಳಿಯಲಿಲ್ಲ.

ಶಾಂತಾದೇವಮ್ಮ ಕೂತಿದ್ದರು. ಹಣೆಯ ತುಂಬ ವಿಭೂತಿ, ಕುಂಕುಮ. ಉಡಿಸಿದ್ದು ಧಾರೆ ಸೀರೆಯಲ್ಲ. ಬೆಳಿಗ್ಗೆ ಯಾರೋ ಅವಸರದಲ್ಲಿ ಅಂಗಡಿ ತೆಗೆಸಿ ತಂದ ಹಸಿರು ಸೀರೆ. ಡಬ್ಬದಿಂದ ತೆಗೆದದ್ದು ತೆಗೆದಂತೆಯೇ ಸುತ್ತಿದ್ದರು. ಅಂಗಡಿಯಲ್ಲಿ ಮಡಚಿದ್ದ ಗೆರೆಗಳು ಎದೆಯ ಮೇಲೆ, ಮಡಿಲ ಮೇಲೆ, ಚೌಕ ಚೌಕವಾಗಿ ಹಾಗೇ ಎದ್ದು ನಿಂತಿದ್ದವು. ಸೆರಗು ಒಂದು ಕಡೆಗೆ ಜಾರಿತ್ತು. ಒಂದು ಸಲ ಪೆಟ್ಟಿಗೆ ಎಳೆದು ಉಡಿಸಬೇಕು ಅನ್ನುವುದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ವಿಮಾನ ಅಂಗಡಿಯ ಮುಂದೆ ಬಂತು. ಷಡಕ್ಷರಪ್ಪ ಅದರ ಪಕ್ಕದಲ್ಲೇ ನಡೆಯುತ್ತಿದ್ದರು. ಈ ಕಡೆ ತಿರುಗಿ ನೋಡಲಿಲ್ಲ. ಜಾನಕಮ್ಮನ ಬಲಗೈ ಆ ಸೆರಗಿನ ಕಡೆಗೆ ತಾನಾಗಿ ಎದ್ದಿತು. ಎಡಗೈಯಿಂದ ಅದನ್ನು ಹಿಡಿದು ಹಲಗೆಗೆ ಒತ್ತಿಕೊಂಡಳು. ವಿಮಾನ ದಾಟಿ, ಕೊನೆಯ ಜನ ದಾಟಿ, ರಸ್ತೆ ಖಾಲಿಯಾಗುವವರೆಗೂ ಹಾಗೆಯೇ ಒತ್ತಿ ಹಿಡಿದಿದ್ದಳು.